ಬಿಜ್ಜೊಜೆರೊ ಕಂಡ ಕಿರುತಟ್ಟೆ: ಚೀಲದಲ್ಲಿರುವ ಪ್ಲೇಟ್‌ಲೆಟ್ ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ?

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಹೈದರಾಬಾದಿನ ಆಸ್ಪತ್ರೆಗಳ ಮುಂದೆ ತೆಲುಗು, ಉರ್ದು, ಮರಾಠಿ, ಕನ್ನಡ ಎಲ್ಲದರಲ್ಲೂ ಒಂದೇ ಪದ ಕಿವಿಗೆ ಬೀಳುತ್ತದೆ: ಪ್ಲೇಟ್‌ಲೆಟ್. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ಹೈದರಾಬಾದ್. ನಿಜಾಮರ ಕಾಲದ ನಂಟು ಅಷ್ಟು ಬೇಗ ಬಿಟ್ಟುಹೋಗುವಂಥದ್ದಲ್ಲ. ಡೆಂಗಿ ಜ್ವರ ಬಂದು ಎಣಿಕೆ ಇಳಿಯಿತೆಂದರೆ ಮನೆಯವರಲ್ಲಿ ಒಬ್ಬರು ರೋಗಿಯ ಪಕ್ಕ, ಇನ್ನೊಬ್ಬರು ರಕ್ತನಿಧಿಯ ಕಿಟಕಿಯ ಮುಂದೆ. ನೀವೂ ಹಾಗೆ ನಿಂತಿದ್ದರೆ ಒಳಗಿನ ಗಾಜಿನ ಬಾಗಿಲಿನ ಪೆಟ್ಟಿಗೆಯೊಂದನ್ನು ಗಮನಿಸಿರಬಹುದು. ಅದರೊಳಗೆ ತಿಳಿಹಳದಿ ಚೀಲಗಳು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಲೇ ಇರುತ್ತವೆ. ಕೆಂಪು ರಕ್ತ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದ್ದರೆ, ಇವಕ್ಕೆ ಮಾತ್ರ ಈ ಉಪಚಾರ ಏಕೆ?

ಉತ್ತರ ಬೇಕಾದರೆ ಸುಮಾರು 140 ವರ್ಷ ಹಿಂದಕ್ಕೆ, ಇಟಲಿಯ ಟುರಿನ್ ನಗರದ ಒಂದು ಪ್ರಯೋಗಶಾಲೆಗೆ ಹೋಗಬೇಕು. ಅಲ್ಲಿ ಜೂಲಿಯೊ ಬಿಜ್ಜೊಜೆರೊ ಎಂಬ ಪ್ರಾಧ್ಯಾಪಕರು ಈ ಕಣಗಳನ್ನು ಸರಿಯಾಗಿ ನೋಡಿದರು, ಹೆಸರಿಟ್ಟರು, ಅವುಗಳ ಕೆಲಸ ಏನೆಂದು ತೋರಿಸಿದರು. ಅವರು ಅಂದು ಎದುರಿಸಿದ ತೊಂದರೆಯನ್ನೇ ಇಂದಿನ ರಕ್ತನಿಧಿಗಳೂ ಎದುರಿಸುತ್ತಿವೆ.

ಅದಕ್ಕೆ ಮೊದಲು ಹೆಸರಿನ ವಿಷಯ ಒಂದು ಮಾತು. ಔಷಧ ವಿಜ್ಞಾನ ಓದಿ, ಆರೋಗ್ಯದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುವ ನನಗೆ ಈ ಪದದ ಜೊತೆ ಹಳೆಯ ಜಗಳವಿದೆ. ಪಠ್ಯಪುಸ್ತಕದಲ್ಲಿ ಕಿರುತಟ್ಟೆ ಎಂದಿದೆ, ಕಿರುಬಿಲ್ಲೆ ಎನ್ನುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವುದು ಪ್ಲೇಟ್‌ಲೆಟ್. ನನ್ನ ತಕರಾರು ಈ ಮೂರರ ಮೇಲೂ ಇಲ್ಲ. ಊರಲ್ಲಿ ಬಹಳ ಜನ ಇದನ್ನು ಬಿಳಿ ರಕ್ತಕಣ ಎನ್ನುತ್ತಾರೆ, ಕೆಲವು ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಅದು ತಪ್ಪು. ಬಿಳಿ ರಕ್ತಕಣ ಸೋಂಕಿನ ವಿರುದ್ಧ ಹೋರಾಡುವ ಬೇರೆಯೇ ಕಣ. ಡೆಂಗಿಯಲ್ಲಿ ಅದೂ ಕಡಿಮೆಯಾಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಲ್ಯಾಬ್ ವರದಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲುಗಳಿರುತ್ತವೆ, ನೋಡಿಕೊಳ್ಳಿ. ಬಿಜ್ಜೊಜೆರೊ ಅವರು ಇಟಾಲಿಯನ್ ಭಾಷೆಯಲ್ಲಿ ಇಟ್ಟ ಹೆಸರು ಪಿಯಾಸ್ಟ್ರೀನೆ, ಅಂದರೆ ಪುಟ್ಟ ತಟ್ಟೆಗಳು. ಕನ್ನಡದ ಕಿರುತಟ್ಟೆ ಅದಕ್ಕೆ ತೀರಾ ಹತ್ತಿರ. ಈ ತಟ್ಟೆ ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಪ್ಪತ್ತೆರಡರ ಹರೆಯದಲ್ಲಿ ಮೂಳೆಯೊಳಗೆ

ಬಿಜ್ಜೊಜೆರೊ ಹುಟ್ಟಿದ್ದು 1846ರ ಮಾರ್ಚ್ 20ರಂದು, ಉತ್ತರ ಇಟಲಿಯ ವರೇಸೆ ಎಂಬ ಊರಿನಲ್ಲಿ. ಇಟಲಿ ಎಂಬ ಒಂದೇ ದೇಶ ಆಗಿನ್ನೂ ಇರಲಿಲ್ಲ. ಆ ಪ್ರಾಂತ್ಯ ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಪಾವಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1866ರಲ್ಲಿ ಪದವಿ ಪಡೆದಾಗ ಅವರಿಗೆ ಬರೀ ಇಪ್ಪತ್ತು ವರ್ಷ. ಅದೇ ವರ್ಷ ಆಸ್ಟ್ರಿಯಾದ ವಿರುದ್ಧ ಯುದ್ಧ ನಡೆಯಿತು, ಅವರು ಸೈನ್ಯದ ವೈದ್ಯರಾಗಿ ಹೋದರು. ಹಿಂತಿರುಗಿದ ಮೇಲೆ ಬರ್ಲಿನ್ನಿಗೆ ಹೋಗಿ ರುಡಾಲ್ಫ್ ವಿರ್ಕೋ ಅವರ ಬಳಿ ಕಲಿತರು. ರೋಗ ಶುರುವಾಗುವುದು ಜೀವಕೋಶದಲ್ಲಿ, ಅದನ್ನು ನೋಡಬೇಕಾದದ್ದು ಸೂಕ್ಷ್ಮದರ್ಶಕದಲ್ಲಿ ಎಂದು ಯುರೋಪಿಗೆಲ್ಲ ಹೇಳಿಕೊಟ್ಟವರು ವಿರ್ಕೋ.

ಪಾವಿಯಾಗೆ ಮರಳಿದ ಈ ಹುಡುಗ ಪ್ರಾಯೋಗಿಕ ರೋಗಶಾಸ್ತ್ರದ ಪ್ರಯೋಗಶಾಲೆಯನ್ನು ನೋಡಿಕೊಳ್ಳತೊಡಗಿದರು. ಹುಡುಗ ಎಂದದ್ದಕ್ಕೆ ಕಾರಣವಿದೆ. ಅವರ ಹತ್ತಿರ ಸೂಕ್ಷ್ಮದರ್ಶಕದ ಕೆಲಸ ಕಲಿಯಲು ಬಂದ ಕಮಿಲ್ಲೊ ಗಾಲ್ಜಿ ಅವರಿಗಿಂತ ಎರಡು ಮೂರು ವರ್ಷ ದೊಡ್ಡವರು. ನರಕೋಶಗಳನ್ನು ಕಪ್ಪು ಬಣ್ಣದಲ್ಲಿ ಎದ್ದು ಕಾಣುವಂತೆ ಮಾಡುವ ವಿಧಾನ ಕಂಡುಹಿಡಿದು 1906ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಗಾಲ್ಜಿ ಅವರೇ ಇವರು. ಮುಂದೆ ಗಾಲ್ಜಿ ಮದುವೆಯಾದದ್ದು ಬಿಜ್ಜೊಜೆರೊ ಅವರ ಮನೆತನದ ಹುಡುಗಿಯನ್ನೇ.

1868ರಲ್ಲಿ ಬಿಜ್ಜೊಜೆರೊ ಮೊದಲ ದೊಡ್ಡ ಸಂಗತಿಯನ್ನು ಪ್ರಕಟಿಸಿದರು. ನಮ್ಮ ರಕ್ತದ ಕೆಂಪು ಕಣಗಳು ಹುಟ್ಟುವುದು ಎಲ್ಲಿ? ಯಕೃತ್ತಿನಲ್ಲಿ, ಗುಲ್ಮದಲ್ಲಿ, ಹರಿಯುವ ರಕ್ತದಲ್ಲೇ ಎಂದೆಲ್ಲ ಊಹೆಗಳಿದ್ದವು. ಅವರು ಮೂಳೆಯೊಳಗಿನ ಮಜ್ಜೆಯನ್ನು ತೆಗೆದು ನೋಡಿದಾಗ ಇನ್ನೂ ಬಲಿಯದ, ಒಳಗೆ ಬೀಜಕೇಂದ್ರ ಉಳಿದಿರುವ ಕೆಂಪು ಕಣಗಳು ರಾಶಿರಾಶಿಯಾಗಿ ಕಂಡವು. ಅದೇ ವರ್ಷ ಜರ್ಮನಿಯ ಕೋನಿಗ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ನಾಯ್ಮನ್ ಎಂಬವರೂ ಸ್ವತಂತ್ರವಾಗಿ ಇದನ್ನೇ ಕಂಡಿದ್ದರು; ಇಬ್ಬರಿಗೂ ಸಮಪಾಲು. ಇವತ್ತು ರಕ್ತದ ಕ್ಯಾನ್ಸರ್‌ಗೆ ಮಜ್ಜೆ ಕಸಿ ಮಾಡುತ್ತಾರಲ್ಲ, ಅದರ ಬುಡದಲ್ಲಿ ಈ ತಿಳಿವಳಿಕೆ ಇದೆ.

ಮಜ್ಜೆಯಲ್ಲಿ ಬೇರೆ ಕಣಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ ದೈತ್ಯ ಜೀವಕೋಶಗಳೂ ಅವರ ಕಣ್ಣಿಗೆ ಬಿದ್ದವು. ಅವನ್ನು ವಿವರಿಸಿ ಮುಂದೆ ಹೋದರು. ಆ ದೈತ್ಯರ ಮೈಯಿಂದಲೇ ಕಿರುತಟ್ಟೆಗಳು ಉದುರುತ್ತವೆ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು ಗಂಟು ಹಾಕದೆ ಬಿಟ್ಟಂತೆ. ಅವರ ಜೀವನ ಓದುವಾಗ ನನಗೆ ಬಹಳ ಕಾಡುವ ಸಂಗತಿ ಇದು.

1872ರಲ್ಲಿ ಟುರಿನ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು. ವಯಸ್ಸು ಇಪ್ಪತ್ತಾರು. ನಾಲ್ಕು ವರ್ಷದಲ್ಲಿ ಅಲ್ಲೇ ಒಂದು ವೈದ್ಯಕೀಯ ಪತ್ರಿಕೆ ಹುಟ್ಟುಹಾಕಿದರು, ವೈದ್ಯರು ರೋಗಿಯ ಹಾಸಿಗೆಯ ಪಕ್ಕದಲ್ಲೇ ಸೂಕ್ಷ್ಮದರ್ಶಕ ಬಳಸುವುದು ಹೇಗೆಂದು ಕೈಪಿಡಿ ಬರೆದರು, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅಳೆಯುವ ಉಪಕರಣ ಮಾಡಿದರು.

ಹೊರಗೆ ಬಂದರೆ ರೂಪ ಕೆಡುವ ಕಣ

ಈಗ ಕಿರುತಟ್ಟೆಯ ಕತೆ. ರಕ್ತದಲ್ಲಿ ಕೆಂಪು ಕಣ, ಬಿಳಿ ಕಣ ಬಿಟ್ಟರೆ ಇನ್ನೇನೋ ಧೂಳಿನಂಥದ್ದು ಇದೆ ಎಂದು ಬಿಜ್ಜೊಜೆರೊ ಅವರಿಗಿಂತ ಮುಂಚೆಯೇ ಹಲವರು ಕಂಡಿದ್ದರು. 1865ರಲ್ಲಿ ಜರ್ಮನಿಯ ಮಾಕ್ಸ್ ಶುಲ್ಟ್ಸೆ ಸಣ್ಣ ಹರಳುಗಳ ಗುಂಪಿನಂತೆ ಅವನ್ನು ವರ್ಣಿಸಿದ್ದರು. ಪ್ಯಾರಿಸ್ಸಿನ ಜಾರ್ಜ್ ಅಯೆಮ್ ಅವು ಕೆಂಪು ಕಣಗಳ ಮರಿಗಳು ಎಂದು ನಂಬಿದ್ದರು. ಸತ್ತ ಬಿಳಿ ಕಣಗಳ ಚೂರು ಎಂದವರಿದ್ದರು. ಗಾಜಿನ ಮೇಲೆ ಹನಿ ಹಾಕಿದ ಮೇಲೆ ಉಂಟಾಗುವ ಕಸ, ದೇಹದೊಳಗೆ ಅಂಥದ್ದೇನೂ ಇಲ್ಲ ಎಂದವರೂ ಇದ್ದರು. ವಿಲಿಯಂ ಆಸ್ಲರ್ ಎಂಬ ಕೆನಡಾದ ಯುವ ವೈದ್ಯ 1874ರಲ್ಲೇ ಒಂದು ಮುಖ್ಯ ಸಂಗತಿ ಗಮನಿಸಿದ್ದರು: ರಕ್ತನಾಳದೊಳಗೆ ಈ ಕಣಗಳು ಬಿಡಿಬಿಡಿಯಾಗಿವೆ, ಹೊರತೆಗೆದ ಹನಿಯಲ್ಲಿ ಮಾತ್ರ ಗುಂಪು ಕಟ್ಟುತ್ತವೆ. ಅವುಗಳ ಕೆಲಸ ಏನೆಂದು ಮಾತ್ರ ತಿಳಿದಿರಲಿಲ್ಲ.

ಇಷ್ಟು ಜನ ಪರಿಣತರಿಗೆ ಒಂದು ಕಣದ ಬಗ್ಗೆ ಒಮ್ಮತವಿರಲಿಲ್ಲ ಏಕೆ? ಕಿರುತಟ್ಟೆ ತುಂಬ ಸೂಕ್ಷ್ಮ ಸ್ವಭಾವದ್ದು. ಅಗಲ ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು, ಕೆಂಪು ಕಣದ ಅರ್ಧಕ್ಕಿಂತ ಕಡಿಮೆ. ಗಾಯ ಸಿಕ್ಕಿದ ಕೂಡಲೇ ಅಂಟಿಕೊಳ್ಳುವುದೇ ಅದರ ಕಸುಬು. ಗಾಜು ತಗಲಿದರೂ ಗಾಯವೆಂದೇ ಭಾವಿಸುತ್ತದೆ. ತಟ್ಟೆಯ ಆಕಾರ ಕಳೆದುಕೊಂಡು ಉಬ್ಬಿ, ಮುಳ್ಳು ಚಾಚಿ, ಪಕ್ಕದವರನ್ನು ಹಿಡಿದು ಮುದ್ದೆಯಾಗುತ್ತದೆ. ನೀವು ಬೆರಳು ಚುಚ್ಚಿ, ಹನಿ ತೆಗೆದು, ಗಾಜಿನ ಮೇಲೆ ಹಚ್ಚಿ, ಕಣ್ಣಿಡುವಷ್ಟರಲ್ಲಿ ಅದು ಮೊದಲಿನ ಕಣವಾಗಿ ಉಳಿದಿರುವುದಿಲ್ಲ.

ಬಿಜ್ಜೊಜೆರೊ ಅವರು ರಕ್ತವನ್ನು ಹೊರಗೆ ತರುವ ಬದಲು ಸೂಕ್ಷ್ಮದರ್ಶಕವನ್ನೇ ಒಳಗೆ ಹರಿಯುವ ರಕ್ತದ ಬಳಿಗೆ ಒಯ್ದರು. ಅರಿವಳಿಕೆ ಕೊಟ್ಟ ಗಿನಿಯಿಲಿಯ ಕರುಳನ್ನು ಹಿಡಿದಿಡುವ ಪೊರೆ ಎಷ್ಟು ತೆಳುವೆಂದರೆ ಅದರ ಮೂಲಕ ಬೆಳಕು ಹಾಯುತ್ತದೆ. ಆ ಪೊರೆಯನ್ನು ಮೆಲ್ಲಗೆ ಹರಡಿ, ಅದರ ಪುಟ್ಟ ನಾಳಗಳಲ್ಲಿ ಹರಿಯುತ್ತಿರುವ ರಕ್ತವನ್ನೇ ನೋಡಿದರು. ರಕ್ತದ ಓಟ ನಿಧಾನವಾದಲ್ಲಿ ಮೂರನೆಯ ಬಗೆಯ ಕಣ ಸ್ಪಷ್ಟವಾಗಿ ಕಂಡಿತು: ಬಣ್ಣವಿಲ್ಲದ, ತೆಳ್ಳನೆಯ, ದುಂಡನೆಯ ತಟ್ಟೆಗಳು, ಒಂದಕ್ಕೊಂದು ಅಂಟದೆ ತಮ್ಮ ಪಾಡಿಗೆ ತಾವು ಸಾಗುತ್ತಿದ್ದವು. ಕಸವಲ್ಲ, ಚೂರಲ್ಲ, ಜೀವಂತ ರಕ್ತದ ಭಾಗ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ನಾಳದ ಗೋಡೆಗೆ ಒಂದು ಕಡೆ ಸಣ್ಣ ಗಾಯ ಮಾಡಿ ಕಾದರು. ಗಾಯದ ಜಾಗಕ್ಕೆ ಮೊದಲು ಬಂದು ಅಂಟಿದ್ದು ಕಿರುತಟ್ಟೆಗಳು. ಒಂದರ ಮೇಲೊಂದು ಬಂದು ದಿಬ್ಬವಾದವು, ಕೆಲವೊಮ್ಮೆ ದಿಬ್ಬ ಕಿತ್ತು ರಕ್ತದೊಂದಿಗೆ ತೇಲಿಹೋಯಿತು, ಮತ್ತೆ ಹೊಸದು ಕಟ್ಟಿತು. ಬಿಳಿ ಕಣಗಳು ಬಂದದ್ದು ಆಮೇಲೆ. ರಕ್ತ ನಿಲ್ಲುವ ಕೆಲಸಕ್ಕೆ ಮೊದಲ ಇಟ್ಟಿಗೆ ಯಾರದ್ದೆಂದು ಇಲ್ಲಿ ತೀರ್ಮಾನವಾಯಿತು. ದಾರದ ಎಳೆಗಳನ್ನು ರಕ್ತದಲ್ಲಿ ಆಡಿಸಿ ತೆಗೆದರೆ ಎಳೆಯ ತುಂಬ ಕಿರುತಟ್ಟೆಗಳು ಮೆತ್ತಿಕೊಳ್ಳುತ್ತವೆ ಎಂದೂ ತೋರಿಸಿದರು. ಹೊರತೆಗೆದ ರಕ್ತದಲ್ಲೂ ಆಕಾರ ಉಳಿಸಲು ಸೌಮ್ಯವಾದ ಉಪ್ಪುನೀರಿಗೆ ನೇರಳೆ ಬಣ್ಣ ಬೆರೆಸಿ ಬಳಸಿದರು. ಕಿರುತಟ್ಟೆಯನ್ನು ದೇಹದ ಹೊರಗೆ ಕೆಡದಂತೆ ಹಿಡಿದಿಡುವ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು ಎನ್ನಲು ಅಡ್ಡಿಯಿಲ್ಲ.

ಇದೆಲ್ಲ ವಿವರವಾಗಿ 1882ರಲ್ಲಿ ಇಟಾಲಿಯನ್ ಹಾಗೂ ಜರ್ಮನ್ ಭಾಷೆಗಳಲ್ಲಿ ಅಚ್ಚಾಯಿತು. ತಕರಾರುಗಳೂ ಬಂದವು. ಅಯೆಮ್ ಅವರು ಮೊದಲು ಕಂಡದ್ದು ತಾನೆಂದು ವಾದಿಸಿದರು. ಹೆಪ್ಪುಗಟ್ಟುವುದು ಬಿಳಿ ಕಣಗಳಿಂದ ಎಂಬ ಹಳೆಯ ಪಂಥದವರು ಸುಲಭವಾಗಿ ಬಿಟ್ಟುಕೊಡಲಿಲ್ಲ. ಬಿಜ್ಜೊಜೆರೊ ವರ್ಷಗಟ್ಟಲೆ ಉತ್ತರ ಕೊಡುತ್ತಲೇ ಹೋದರು.

ಅವರ ಇತರ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ನಾಯಿಯ ಜಠರದ ಗ್ರಂಥಿಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳಿವೆ ಎಂದು 1893ರಲ್ಲಿ ಬರೆದರು; ನೂರು ವರ್ಷಗಳ ನಂತರ ಹೊಟ್ಟೆಹುಣ್ಣಿಗೆ ಅಂಥದ್ದೇ ಒಂದು ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದವರಿಗೆ 2005ರ ನೊಬೆಲ್ ಬಂತು. ದೇಹದ ಅಂಗಾಂಶಗಳಲ್ಲಿ ಜೀವನವಿಡೀ ಹೊಸದಾಗುವವು, ಬೇಕಾದಾಗ ಮಾತ್ರ ಬೆಳೆಯುವವು, ಒಮ್ಮೆ ಹೋದರೆ ಮರಳದವು ಎಂದು ಮೂರು ವಿಧ ಎಂಬ ಅವರ 1894ರ ವಿಂಗಡಣೆಯನ್ನು ವೈದ್ಯಕೀಯ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.

ಆ ಹೊತ್ತಿಗೆ ಅವರ ಕಣ್ಣು ಕೆಟ್ಟಿತ್ತು. ಕಣ್ಣಿನ ಒಳಪದರದ ಉರಿಯೂತ. ಬದುಕೆಲ್ಲ ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದವರಿಗೆ ಸೂಕ್ಷ್ಮದರ್ಶಕವೇ ದೂರವಾಯಿತು. ಶಿಷ್ಯರು ನೋಡಿ ಹೇಳಿದ್ದನ್ನು ಕೇಳಿ ಕೆಲಸ ನಡೆಸಿದರು, ಜೊತೆಗೆ ಸಾರ್ವಜನಿಕ ಆರೋಗ್ಯದತ್ತ ತಿರುಗಿದರು. 1890ರಿಂದ ಅವರು ಸೆನೆಟ್ ಸದಸ್ಯರು. ಶುದ್ಧ ನೀರು, ಸೋಂಕು ತಡೆ, ಮಲೇರಿಯ, ಕ್ಷಯದ ಬಗ್ಗೆ ಮಾತಾಡಿದರು. ಸಾಮಾನ್ಯ ಓದುಗರ ಪತ್ರಿಕೆಗಳಲ್ಲಿ ತಿಳಿಯುವ ಭಾಷೆಯಲ್ಲಿ ಲೇಖನ ಬರೆದರು. ಆರೋಗ್ಯದ ಅಂಕಣ ಬರೆಯುವ ನಮ್ಮಂಥವರಿಗೆ ಅವರು ಆ ಲೆಕ್ಕದಲ್ಲೂ ಹಿರಿಯರೇ.

ಅವರು ಟುರಿನ್‌ನಲ್ಲಿ ಹೀಗಿದ್ದಾಗ ನಮ್ಮ ಸಿಕಂದರಾಬಾದಿನಲ್ಲಿ ಇನ್ನೊಬ್ಬರು ಬೆವರಿನಲ್ಲಿ ಮಸೂರಗಳು ಮಸುಕಾಗುವ ಆಗಸ್ಟ್ ತಿಂಗಳಿನಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದರು. ಬೆಂಗಳೂರಿನಲ್ಲೂ ಕೆಲಸ ಮಾಡಿ ಬಂದಿದ್ದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು, ಮಲೇರಿಯ ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯದ ಪರಾವಲಂಬಿ ಬೆಳೆಯುತ್ತಿರುವುದನ್ನು ಕಂಡರು. ಬೇಗಂಪೇಟೆಯಲ್ಲಿ ಆ ಕಟ್ಟಡ ಇದೆ. ಡೆಂಗಿ ಕಾಲದಲ್ಲಿ ಜನ ಮುಗಿಬೀಳುವ ನಲ್ಲಕುಂಟದ ಫೀವರ್ ಆಸ್ಪತ್ರೆಗೆ ಇರುವುದೂ ರಾಸ್ ಅವರದೇ ಹೆಸರು. ದಾನಿಯಿಂದ ಪಡೆದ ಪ್ರತಿಯೊಂದು ರಕ್ತದ ಚೀಲಕ್ಕೂ ನಮ್ಮ ದೇಶದಲ್ಲಿ ಕಡ್ಡಾಯವಾಗಿ ಮಾಡುವ ಐದು ಪರೀಕ್ಷೆಗಳಲ್ಲಿ ಮಲೇರಿಯವೂ ಒಂದು. ಉಳಿದ ನಾಲ್ಕು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಸಿಫಿಲಿಸ್.

ಬಿಜ್ಜೊಜೆರೊ 1901ರ ಏಪ್ರಿಲ್ 8ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಐವತ್ತೈದು ವರ್ಷ. ಐದು ವರ್ಷದ ಬಳಿಕ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್, ಮಜ್ಜೆಯ ದೈತ್ಯ ಕೋಶಗಳ ತುಣುಕುಗಳೇ ಕಿರುತಟ್ಟೆಗಳು ಎಂದು ತೋರಿಸಿ ಆ ಬಿಟ್ಟುಹೋದ ಗಂಟು ಹಾಕಿದರು. 1910ರಲ್ಲಿ ಅಮೆರಿಕದ ವಿಲಿಯಂ ಡ್ಯೂಕ್, ರಕ್ತಸ್ರಾವ ನಿಲ್ಲದ ರೋಗಿಗಳಿಗೆ ತಾಜಾ ರಕ್ತ ಕೊಟ್ಟಾಗ ಕಿರುತಟ್ಟೆಗಳ ಎಣಿಕೆ ಏರಿ ರಕ್ತಸ್ರಾವ ನಿಂತದ್ದನ್ನು ವರದಿ ಮಾಡಿದರು. ಇನ್ನೊಬ್ಬರ ಕಿರುತಟ್ಟೆ ನಮ್ಮ ಕೆಲಸಕ್ಕೆ ಬರುತ್ತದೆ ಎಂದಾಯಿತು. ಹಾಗಾದರೆ ಅದನ್ನು ತೆಗೆದಿಟ್ಟುಕೊಳ್ಳುವುದು ಹೇಗೆ?

ತೊಟ್ಟಿಲಿನಲ್ಲಿ ಐದು ದಿನ

ಪ್ಲಾಸ್ಟಿಕ್ ಚೀಲಗಳು ಬಂದು, ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಭಾಗ ಮಾಡುವುದು ಸುಲಭವಾದ ಮೇಲೆ, ಕೆಂಪು ಕಣಗಳ ಹಾಗೆ ಕಿರುತಟ್ಟೆಗಳನ್ನೂ ನಾಲ್ಕು ಡಿಗ್ರಿಯ ಫ್ರಿಜ್ಜಿನಲ್ಲೇ ಇಡುತ್ತಿದ್ದರು. ಹಾಲು, ಮೊಸರು, ಔಷಧಿ ಎಲ್ಲವೂ ತಂಪಿನಲ್ಲಿ ಬಾಳುತ್ತವೆ ಎಂಬುದು ನಮ್ಮೆಲ್ಲರ ಲೆಕ್ಕವಲ್ಲವೇ? 1969ರಲ್ಲಿ ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ ಈ ಲೆಕ್ಕ ತಲೆಕೆಳಗು ಮಾಡಿದರು. ಗುರುತು ಹಾಕಿದ ಕಿರುತಟ್ಟೆಗಳನ್ನು ತಂಪಿನಲ್ಲಿಟ್ಟು, ಕೋಣೆಯ ಉಷ್ಣತೆಯಲ್ಲಿಟ್ಟು, ಆಮೇಲೆ ದೇಹಕ್ಕೆ ಸೇರಿಸಿ ನೋಡಿದರು. ತಂಪಿನಲ್ಲಿದ್ದವು ಒಂದೆರಡು ದಿನಗಳಲ್ಲಿ ರಕ್ತದಿಂದ ಮಾಯವಾದವು, 22 ಡಿಗ್ರಿಯಲ್ಲಿದ್ದವು ಹೆಚ್ಚು ದಿನ ಬಾಳಿದವು. ಚಳಿ ತಗುಲಿದ ಕಿರುತಟ್ಟೆ ತಟ್ಟೆಯ ರೂಪ ಬಿಟ್ಟು ಮುಳ್ಳಿನ ಚೆಂಡಾಗುತ್ತದೆ, ಅಂಥದ್ದನ್ನು ದೇಹ, ಮುಖ್ಯವಾಗಿ ಯಕೃತ್ತು, ಬೇಗ ಹೆಕ್ಕಿ ತೆಗೆದುಬಿಡುತ್ತದೆ. ಗಾಜಿನ ಮೇಲೆ ಬಿಜ್ಜೊಜೆರೊ ಅವರನ್ನು ಸತಾಯಿಸಿದ ರೂಪಾಂತರದಂಥದ್ದೇ ಇದು.

ಆದರೆ ಬೆಚ್ಚಗೆ ಇಟ್ಟರೆ ಬೇರೆ ತೊಂದರೆಗಳು ಎದುರಾಗುತ್ತವೆ. ಚೀಲದೊಳಗೆ ಕಿರುತಟ್ಟೆ ಬದುಕಿದೆ, ಸಕ್ಕರೆ ತಿನ್ನುತ್ತದೆ, ಉಸಿರಾಡುತ್ತದೆ. ಆಮ್ಲಜನಕ ಸಾಲದಿದ್ದರೆ ಲ್ಯಾಕ್ಟಿಕ್ ಆಮ್ಲ ಕೂಡಿ ದ್ರವ ಹುಳಿಯಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ ಸುಮಾರು 6.2ಕ್ಕಿಂತ ಕೆಳಗಿಳಿದರೆ ಕಿರುತಟ್ಟೆಗಳು ಉಬ್ಬಿ ಗೋಲಿಯಾಗುತ್ತವೆ, ಮತ್ತೆ ಹಿಂದಿನ ರೂಪಕ್ಕೆ ಬರಲಾರವು. ಇದಕ್ಕಾಗಿಯೇ ಗಾಳಿ ಹಾಯುವ ವಿಶೇಷ ಪ್ಲಾಸ್ಟಿಕ್ಕಿನ ಚೀಲ, ಇದಕ್ಕಾಗಿಯೇ ಆ ತೊಟ್ಟಿಲು. ತೂಗುತ್ತಿದ್ದರೆ ಎಲ್ಲ ಕಣಗಳಿಗೂ ಆಮ್ಲಜನಕ ಮುಟ್ಟುತ್ತದೆ, ಅಡಿಯಲ್ಲಿ ಕೂತು ಮುದ್ದೆಯಾಗುವುದು ತಪ್ಪುತ್ತದೆ. 20ರಿಂದ 24 ಡಿಗ್ರಿ ಉಷ್ಣತೆ, ನಿಲ್ಲದ ತೂಗಾಟ, ಗರಿಷ್ಠ ಐದು ದಿನ: ಇದು ನಮ್ಮಲ್ಲಿನ ನಿಯಮ. ಹೈದರಾಬಾದಿನ ಮೇ ತಿಂಗಳಲ್ಲಿ ಕೋಣೆಯ ಉಷ್ಣತೆ ಎಂದರೆ ಏನೆಂದು ನಿಮಗೆ ಗೊತ್ತು. ಹಾಗಾಗಿ ತೊಟ್ಟಿಲಿಗೊಂದು ಎಸಿ ಪೆಟ್ಟಿಗೆ, ಉಷ್ಣತೆ ಬರೆದಿಡುವ ಯಂತ್ರ, ಕರೆಂಟ್ ಹೋದರೆ ಕೂಗುವ ಗಂಟೆ, ಜನರೇಟರ್ ಎಲ್ಲ ಬೇಕು.

ಐದೇ ದಿನ ಏಕೆ? ಕಿರುತಟ್ಟೆ ಇನ್ನೂ ಸ್ವಲ್ಪ ಬಾಳೀತು. ಆದರೆ ಅದಕ್ಕೆ ಹಿತವಾದ ಬೆಚ್ಚಗಿನ ವಾತಾವರಣ ಬ್ಯಾಕ್ಟೀರಿಯಾಕ್ಕೂ ಹಿತ. ಸೂಜಿ ಚುಚ್ಚುವಾಗ ಚರ್ಮದ ಒಂದು ಬ್ಯಾಕ್ಟೀರಿಯಾ ಒಳಹೊಕ್ಕರೂ ದಿನಗಳಲ್ಲಿ ಕೋಟಿಗಟ್ಟಲೆಯಾಗಬಹುದು. ಅಮೆರಿಕದಲ್ಲಿ 1980ರ ದಶಕದಲ್ಲಿ ಏಳು ದಿನಕ್ಕೆ ಏರಿಸಿದ್ದ ಅವಧಿಯನ್ನು ಇದೇ ಕಾರಣಕ್ಕೆ 1986ರಲ್ಲಿ ಮತ್ತೆ ಐದಕ್ಕೆ ಇಳಿಸಿದರು. ರಕ್ತದಾನ ಮಾಡುವಾಗ ತೋಳನ್ನು ಉಜ್ಜಿ ಒರೆಸಿ ಒಣಗಲು ಬಿಡುವುದು, ಮೊದಲು ಬರುವ ಸ್ವಲ್ಪ ರಕ್ತವನ್ನು ಬೇರೆ ಪುಟ್ಟ ಚೀಲಕ್ಕೆ ತಿರುಗಿಸುವುದು ಈ ಬ್ಯಾಕ್ಟೀರಿಯಾಕ್ಕಾಗಿ. ತಂತ್ರಜ್ಞರು ನಿಧಾನ ಮಾಡುತ್ತಿದ್ದಾರೆ ಎಂದು ಬೇಸರಿಸಬೇಡಿ.

ಇನ್ನು ಗುಣಮಟ್ಟ ನೋಡುವ ಕ್ರಮ. ಪ್ರತಿ ತಿಂಗಳು ಕೆಲವು ಚೀಲಗಳನ್ನು ಆರಿಸಿ ಒಟ್ಟು ಪ್ರಮಾಣ, ಕಿರುತಟ್ಟೆಗಳ ಎಣಿಕೆ, ಪಿಎಚ್, ಉಳಿದುಕೊಂಡ ಬಿಳಿ ಕಣ, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ತೆಗೆದ ಚೀಲದಲ್ಲಿ ಕನಿಷ್ಠ 30,000 ಕೋಟಿ ಕಿರುತಟ್ಟೆಗಳಿರಬೇಕು. ಪರೀಕ್ಷೆಗೆ ಚೀಲ ತೆರೆದರೆ ಅದು ರೋಗಿಗೆ ಸಿಗದು, ಆದ್ದರಿಂದ ಎಲ್ಲವನ್ನೂ ಹೀಗೆ ನೋಡಲಾಗದು. ಆದರೆ ಪ್ರತಿ ಚೀಲಕ್ಕೂ ಮಾಡಬಹುದಾದ, ಕಾಸಿನ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸುವುದು. ಒಳ್ಳೆಯ ಕಿರುತಟ್ಟೆಗಳು ತಟ್ಟೆಯಾಗಿರುವುದರಿಂದ ಹರಿವಿನೊಂದಿಗೆ ಸಾಲಾಗಿ ತಿರುಗಿ ಬೆಳಕು ಚೆಲ್ಲುತ್ತವೆ; ರೇಷ್ಮೆ ಸೀರೆಯನ್ನು ಬೆಳಕಿನಲ್ಲಿ ಆಡಿಸಿದಂತೆ ಮಿನುಗುವ ಸುಳಿಗಳು ಕಾಣುತ್ತವೆ. ಉಬ್ಬಿ ಗೋಲಿಯಾದವು ಯಾವ ಕಡೆ ತಿರುಗಿದರೂ ಒಂದೇ, ಸುಳಿ ಕಾಣದು, ದ್ರವ ಮಂಕಾಗಿರುತ್ತದೆ. ಅನುಭವಿ ತಂತ್ರಜ್ಞರು ಕ್ಷಣದಲ್ಲಿ ಹೇಳಬಲ್ಲರು. ಬಿಜ್ಜೊಜೆರೊ 1882ರಲ್ಲಿ ಬಿಡಿಸಿದ ತಟ್ಟೆಯ ಆಕಾರ ಉಳಿದಿದೆಯೇ ಎಂದೇ ಅವರು ನೋಡುತ್ತಿರುವುದು. ಮಿನುಗು ಇದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲವೆಂದು ಹೇಳಲಾಗದು, ಅದು ಬೇರೆ. ಜೊತೆಗೆ ಗಡ್ಡೆ, ಗಾಳಿಗುಳ್ಳೆ, ಬಣ್ಣ ಬದಲಾವಣೆ, ಸೋರಿಕೆ ಇವೆಯೇ ಎಂದೂ ನೋಡುತ್ತಾರೆ.

ಈಚೆಗೆ ತಂಪಿನಲ್ಲಿಟ್ಟ ಕಿರುತಟ್ಟೆಗಳ ಬಗ್ಗೆ ಮತ್ತೆ ಆಸಕ್ತಿ ಹುಟ್ಟಿದೆ. ಅಪಘಾತ, ಯುದ್ಧಗಳಲ್ಲಿ ಸುರಿಯುವ ರಕ್ತವನ್ನು ತಕ್ಷಣ ನಿಲ್ಲಿಸಬೇಕಾದಾಗ ಅವು ಹೆಚ್ಚು ದಿನ ಬಾಳಬೇಕಿಲ್ಲ, ಚುರುಕಾಗಿ ಅಂಟಿದರೆ ಸಾಕು. ಅದು ವಿಶೇಷ ಸಂದರ್ಭ, ವಿಶೇಷ ವ್ಯವಸ್ಥೆ.

ಚೀಲ ನಿಮ್ಮ ಕೈಗೆ ಬಂದಾಗ

ಎಷ್ಟೋ ಕಡೆ ರಕ್ತನಿಧಿ ಒಂದೆಡೆ, ಆಸ್ಪತ್ರೆ ಇನ್ನೊಂದೆಡೆ. ಚೀಲ ತರುವವರು ಮನೆಯವರು. ಆಟೊದಲ್ಲೋ ಬೈಕಿನಲ್ಲೋ ಊರಿನ ಟ್ರಾಫಿಕ್ಕಿನಲ್ಲಿ ಹೊರಟ ಆ ಅರ್ಧ ಗಂಟೆ ಗುಣಮಟ್ಟ ನಿಮ್ಮ ಜವಾಬ್ದಾರಿ. ಔಷಧಿ ಅಂಗಡಿಗಳಲ್ಲಿ ಜನ ಪ್ಲೇಟ್‌ಲೆಟ್ ಒಯ್ಯಲು ಐಸ್ ಪ್ಯಾಕ್ ಕೇಳುವುದನ್ನು ನೋಡಿದ್ದೇನೆ. ದಯವಿಟ್ಟು ಐಸ್ ಇಡಬೇಡಿ. ಕೆಂಪು ರಕ್ತದ ಚೀಲವನ್ನೂ ಪ್ಲೇಟ್‌ಲೆಟ್ ಚೀಲವನ್ನೂ ಒಂದೇ ತಂಪು ಡಬ್ಬಿಯಲ್ಲಿ ಹಾಕಬೇಡಿ. ಬಿಸಿಲಿಗೆ ನಿಂತ ಕಾರಿನಲ್ಲೂ ಬಿಡಬೇಡಿ. ರಕ್ತನಿಧಿಯವರು ಕೊಟ್ಟ ಡಬ್ಬಿಯಲ್ಲೇ ನೇರವಾಗಿ ಒಯ್ದು ವಾರ್ಡಿನ ನರ್ಸ್ ಕೈಗೆ ಕೊಡಿ, ಫ್ರಿಜ್ಜಿಗೆ ಹೋಗದಂತೆ ನೋಡಿಕೊಳ್ಳಿ. ಚೀಟಿಯ ಮೇಲಿನ ರಕ್ತದ ಗುಂಪು, ಅವಧಿ ಮುಗಿಯುವ ದಿನ ಓದಿ. ಏರಿಸುವಾಗ ರೋಗಿಗೆ ಚಳಿ, ನಡುಕ, ಜ್ವರ, ಉಸಿರಾಟದ ಕಷ್ಟ, ಮೈಮೇಲೆ ದದ್ದು ಬಂದರೆ ತಡಮಾಡದೆ ನರ್ಸ್‌ಗೆ ಹೇಳಿ. ಅವರು ಕೂಡಲೇ ನಿಲ್ಲಿಸುತ್ತಾರೆ.

ಎಣಿಕೆ ಇಳಿಯಿತೆಂದ ಮಾತ್ರಕ್ಕೆ ಏರಿಸಲೇಬೇಕೆಂದಿಲ್ಲ. ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಕಿರುತಟ್ಟೆಗಳಿರುತ್ತವೆ. ಡೆಂಗಿಯಲ್ಲಿ 40,000ಕ್ಕೆ ಬಂತೆಂದು ಮನೆಯವರು ಗಾಬರಿಯಾಗಿ ವೈದ್ಯರ ಮೇಲೆ ಒತ್ತಡ ಹಾಕುವುದುಂಟು. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋಗುವವರೆಗೆ ಏರಿಸುವ ಅಗತ್ಯ ಬೀಳುವುದಿಲ್ಲ. ಡೆಂಗಿಯಲ್ಲಿ ಜೀವಕ್ಕೆ ಹೆಚ್ಚು ಅಪಾಯ ತರುವುದು ರಕ್ತನಾಳಗಳಿಂದ ದ್ರವ ಸೋರಿ ಬಿಪಿ ಕುಸಿಯುವುದು. ಅದಕ್ಕೆ ಬೇಕಾದದ್ದು ಸರಿಯಾದ ಪ್ರಮಾಣದ ದ್ರವ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕಪ್ಪು ಮಲ, ಮಂಕು ಕಂಡರೆ ಎಣಿಕೆ ಎಷ್ಟೇ ಇರಲಿ ಆಸ್ಪತ್ರೆಗೆ ಹೊರಡಿ. ನೀವು ಒತ್ತಾಯಿಸಿ ಏರಿಸಿಕೊಂಡ ಅನಗತ್ಯ ಚೀಲ, ಅದೇ ಹೊತ್ತಿಗೆ ರಕ್ತದ ಕ್ಯಾನ್ಸರಿನ ಮಗುವೊಂದಕ್ಕೆ ಬೇಕಾಗಿದ್ದಿರಬಹುದು. ಐದು ದಿನದ ಸರಕಿಗೆ ದಾಸ್ತಾನು ಎಂಬುದಿಲ್ಲ.

ಔಷಧಿಯ ಕಡೆಯಿಂದ ಒಂದು ಮಾತು. ಆಸ್ಪಿರಿನ್ ಮಾತ್ರೆ ಕಿರುತಟ್ಟೆಯ ಅಂಟುವ ಶಕ್ತಿಯನ್ನು ಕುಂದಿಸುತ್ತದೆ. ಅದರ ಏಳರಿಂದ ಹತ್ತು ದಿನದ ಆಯುಷ್ಯ ಮುಗಿಯುವವರೆಗೂ ಆ ಶಕ್ತಿ ಮರಳುವುದಿಲ್ಲ. ಆದ್ದರಿಂದ ಡೆಂಗಿ ಎಂಬ ಅನುಮಾನವಿದ್ದಾಗ ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಸ್ವಂತಕ್ಕೆ ನುಂಗಬೇಡಿ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಪ್ಲೇಟ್‌ಲೆಟ್ ದಾನ ಮಾಡಲು ಹೋಗುವಾಗಲೂ ಇದು ಮುಖ್ಯ: ಕಳೆದ ಮೂರು ದಿನಗಳಲ್ಲಿ ಆಸ್ಪಿರಿನ್ ನುಂಗಿದ್ದರೆ ಹೇಳಿಬಿಡಿ. ಅಂಥ ದಾನಿಯ ಚೀಲ ಎಣಿಕೆಯಲ್ಲಿ ಪಾಸಾಗುತ್ತದೆ, ಬೆಳಕಿನಲ್ಲಿ ಮಿನುಗುತ್ತದೆ, ಪಿಎಚ್ ಸರಿಯಾಗಿರುತ್ತದೆ, ಗಾಯದ ಮುಂದೆ ಮಾತ್ರ ಸೋಲುತ್ತದೆ. ಯಾವ ಯಂತ್ರವೂ ಹಿಡಿಯದ ಈ ಕೊರತೆಯನ್ನು ದಾನಿಯ ಬಾಯಿಮಾತೇ ಹಿಡಿಯಬೇಕು.

ಯಂತ್ರದ ಮೂಲಕ ಪ್ಲೇಟ್‌ಲೆಟ್ ದಾನಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಕೆಂಪು ಕಣಗಳನ್ನು ನಿಮಗೇ ಹಿಂತಿರುಗಿಸುತ್ತಾರೆ. 48 ಗಂಟೆಗಳ ಅಂತರ ಬಿಟ್ಟು, ವಾರಕ್ಕೆ ಹೆಚ್ಚೆಂದರೆ ಎರಡು ಸಲ, ವರ್ಷಕ್ಕೆ 24 ಸಲ ಕೊಡಬಹುದು. ಹತ್ತಿರದ ರಕ್ತನಿಧಿಯಲ್ಲಿ ಯಾವ ಗುಂಪಿನದು ಎಷ್ಟಿದೆ ಎಂದು ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ನೋಡಬಹುದು. ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಿಕೊಳ್ಳಿ, ಏಕೆಂದರೆ ಪ್ಲೇಟ್‌ಲೆಟ್ ವಿಷಯದಲ್ಲಿ ಬೆಳಿಗ್ಗೆ ಇದ್ದ ಸಂಖ್ಯೆ ಮಧ್ಯಾಹ್ನಕ್ಕೆ ಇರುವುದಿಲ್ಲ.